ಹಣೆಬರಹದ ಚೀಟಿ

"ನಿಮ್ಮಲ್ಲಿ ಅಪ್ಪನ ಕಡೆಯವರು ಯಾರು, ಅಮ್ಮನ ಕಡೆಯವರು ಯಾರು?"

ಪ್ರಯೋಗಾಲಯದ ಇಲಿಕೋಣೆಯಲ್ಲಿ ಇಲಿಗಳನ್ನು ನೋಡಿಕೊಳ್ಳುವ ಬೋನುಗಾರ ಕೇಳಿದ ಪ್ರಶ್ನೆಗೆ ಉತ್ತರ ಹೇಳುವವರು ಯಾರೂ ಇರಲಿಲ್ಲ. ಎಂಟು ಬೋನುಗಳಲ್ಲಿ ಎಂಟು ಗಂಡಿಲಿಗಳು ಹೆಣ್ಣು ನೋಡಲು ಬಂದ ಬೀಗರ ಹಾಗೆ ಸುಮ್ಮನೆ ಮೀಸೆ ಕುಣಿಸುತ್ತ ಕೂತಿದ್ದವು.

ಅಲ್ಲಿ ಸಾಕಿದ ಇಲಿಗಳಲ್ಲಿ ಎರಡು ಕುಲ. ಒಂದು, ಕಟ್ಟಿಕೊಂಡ ಜೋಡಿಯನ್ನು ಸಾಯುವ ತನಕ ಬಿಡದ್ದು. ಇನ್ನೊಂದು ಅಲೆಮಾರಿ. ನಿಷ್ಠೆಯ ಇಲಿಗಳ ಮೆದುಳಿನಲ್ಲಿ ಒಲವಿನ ಹಾರ್ಮೋನು ಬಂದು ತಟ್ಟುವ ಬಾಗಿಲುಗಳು ಹೆಚ್ಚಂತೆ. ಎರಡು ಕುಲ ಕೂಡಿ ಹುಟ್ಟಿದ ಮಕ್ಕಳಿಗೆ ಆ ಬಾಗಿಲು ಯಾರ ಕಡೆಯಿಂದ ಬರುತ್ತದೆ ಎನ್ನುವುದೇ ಪ್ರಯೋಗಾಲಯ ನಡೆಸುವ ಮೇಡಂ ಅವರ ಮೂರು ವರ್ಷದ ತಪಸ್ಸು. ಈ ಎಂಟೂ ಅಂಥ ಮಕ್ಕಳೇ. ತಂದೆ ನಿಷ್ಠೆಯವನಾದರೆ ಬೋನಿನ ಚೀಟಿಯಲ್ಲಿ 'ತಂ', ತಾಯಿ ನಿಷ್ಠೆಯವಳಾದರೆ 'ತಾ'. ಆ ಚೀಟಿಗೆ ಅಲ್ಲಿ ಎಲ್ಲರೂ ಹಣೆಬರಹ ಎನ್ನುತ್ತಿದ್ದರು.

ಬೆಳಿಗ್ಗೆ ಬೋನುಗಾರನ ಕಾಲು ಜಾರಿ ಬಕೆಟ್ಟಿನ ನೀರು ಚೀಟಿಗಳ ಸಾಲಿನ ಮೇಲೆಲ್ಲ ಚೆಲ್ಲಿತು. ಒಂದರ ಸೊನ್ನೆ ತೊಳೆದುಹೋಯಿತು, ಇನ್ನೊಂದರ ದೀರ್ಘ ಅಳಿಸಿಹೋಯಿತು. ಎಂಟರಲ್ಲೂ ಉಳಿದದ್ದು ಬರೀ 'ತ'.

ಅದೂ ಇವತ್ತೇ ಆಗಬೇಕೆ? ಮೇಡಂ ಅವರ ಮಗಳು, ಪಕ್ಕದ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವವಳು, ಬೋನುಗಾರನನ್ನು ಮದುವೆಗೆ ಒಪ್ಪಿದ್ದಳು. ಅಮ್ಮನನ್ನು ನೀವೇ ಕೇಳಿ ಎಂದೂ ಹೇಳಿದ್ದಳು. ಸಂಜೆ ಕೇಳುವುದೆಂದು ಇವನು ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ.

ಕಸ ಗುಡಿಸುವ ಅಜ್ಜಿ ಬಗ್ಗಿ ನೋಡಿ, ಸಪ್ಪೆ ಮುಖದವೆಲ್ಲ ಅಮ್ಮನ ಮಕ್ಕಳು ಎಂದಳು. ನೋಡಿದರೆ ಎಂಟೂ ಸಪ್ಪೆ. ಉಗ್ರಾಣದವನಿಗೆ ಮಾತ್ರ ಅನುಮಾನವೇ ಇರಲಿಲ್ಲ.

"ಕಿವಿ ನೋಡು ಮಾರಾಯ. ಅಗಲ ಕಿವಿ ಅಪ್ಪನದು. ನಮ್ಮ ಮನೇಲೂ ಹಾಗೇ."

ಅವನ ಕಿವಿಗಳನ್ನು ನೋಡಿದರೆ ಮಾತು ನಂಬುವಂತೆಯೇ ಇತ್ತು. ಬೋನುಗಾರ ಅಗಲ ಕಿವಿಯ ನಾಲ್ಕಕ್ಕೆ 'ತಂ' ಎಂದೂ ಉಳಿದ ನಾಲ್ಕಕ್ಕೆ 'ತಾ' ಎಂದೂ ಹೊಸ ಚೀಟಿ ಬರೆದು ಅಂಟಿಸಿದ.

ಮೇಡಂ ಬಂದರು. ಪ್ರತಿ ಇಲಿಯನ್ನೂ ಒಂದೊಂದು ಉದ್ದನೆಯ ಪೆಟ್ಟಿಗೆಯ ನಡುವೆ ಬಿಟ್ಟರು; ಒಂದು ತುದಿಯಲ್ಲಿ ಅದರ ಜೋಡಿ, ಇನ್ನೊಂದು ತುದಿಯಲ್ಲಿ ಗುರುತಿಲ್ಲದ ಹೆಣ್ಣು. ಮೂರು ಗಂಟೆ ಕಳೆಯಿತು. 'ತಂ' ಚೀಟಿಯವು ಪ್ರಾಸ ಕೂಡಿದ ಪದ್ಯದ ಸಾಲುಗಳ ಹಾಗೆ ಜೋಡಿಗೆ ಒತ್ತಿಕೊಂಡೇ ಇದ್ದವು. 'ತಾ' ಚೀಟಿಯವು ಊರೆಲ್ಲ ತಿರುಗಿದವು.

"ಗೊತ್ತಾಯ್ತಲ್ಲ, ನಿಷ್ಠೆ ಬರೋದು ಅಪ್ಪನಿಂದ," ಎಂದು ಮೇಡಂ ಕನ್ನಡಕ ತೆಗೆದು ನಕ್ಕರು. ಇಷ್ಟು ಒಳ್ಳೆಯ ಗಳಿಗೆ ಮತ್ತೆ ಸಿಗದೆಂದು ಬೋನುಗಾರ ಮಗಳ ಮಾತೆತ್ತಿದ.

ಮೇಡಂ ನಗು ಹಾಗೇ ನಿಂತಿತು. ಇವನ ಅಪ್ಪ ಮೂರು ಊರಲ್ಲಿ ಮೂರು ಸಂಸಾರ ಹೂಡಿದ ವಿಷಯ ಅವರಿಗೂ ಗೊತ್ತಿತ್ತು. "ಈಗ ತಾನೇ ಕಣ್ಣಾರೆ ನೋಡಿದೆಯಲ್ಲಪ್ಪಾ," ಎಂದಷ್ಟೇ ಹೇಳಿದರು.

ಬೋನುಗಾರ ತನ್ನ ಅಮ್ಮನನ್ನು ನೆನೆದು, ಬಕೆಟ್ಟು, ಸೊನ್ನೆ, ಕಿವಿ, ಎಲ್ಲವನ್ನೂ ಒಪ್ಪಿಸಿಬಿಟ್ಟ.

ಮೇಡಂ ಒಂದೊಂದೇ ಇಲಿಯನ್ನು ಎತ್ತಿ ಹೊಟ್ಟೆ ನೋಡಿದರು. ಬರೀ ಚೀಟಿ ನಂಬುವವರಲ್ಲ ಅವರು. ಅಪ್ಪನ ಕಡೆಯವಕ್ಕೆಲ್ಲ ಹೊಟ್ಟೆಯಡಿ ನೀಲಿ ಚುಕ್ಕೆ ಇಟ್ಟಿದ್ದರು. ಅಗಲ ಕಿವಿಯ ಒಂದರಲ್ಲೂ ಚುಕ್ಕೆ ಇರಲಿಲ್ಲ. ಎಂಟಕ್ಕೆ ಎಂಟೂ ತಿರುಗುಮುರುಗಾಗಿದ್ದವು. ನಿಷ್ಠೆ ಬಂದದ್ದು ಅಮ್ಮನಿಂದ.

ಬೋನುಗಾರನ ಮುಖ ಅರಳಿತು. ಗಂಡ ಬಿಟ್ಟುಹೋದ ಮೇಲೂ ಅವನ ಚಪ್ಪಲಿ ಒರೆಸಿಡುತ್ತಿದ್ದ ತಾಯಿ ಅವನದು.

"ನಾನು ಅಮ್ಮನ ಮಗ ಮೇಡಂ. ಈಗಲಾದ್ರೂ ಮಗಳನ್ನ ಕೊಡ್ತೀರಾ?"

ಮೇಡಂ ಕೊನೆಯ ಇಲಿಯನ್ನು ಒಳಗೆ ಬಿಟ್ಟು ಬೋನಿನ ಬಾಗಿಲು ಹಾಕಿದರು.

"ಅಲೆಮಾರಿಯ ಮಗನಿಗಾದ್ರೂ ಕೊಟ್ಟೇನು ಕಣಯ್ಯ. ಕಿವಿ ನೋಡಿ ಹಣೆಬರಹ ಬರೆಯೋನಿಗೆ ಕೊಡೋದಿಲ್ಲ."