ಮನೆಯಲ್ಲಿ ಮಾಡಿದ ವಾಯರು

ನೇಸರಗಿಯ ಹುಡುಗಿಯ ಕೈ ನಡುಗುತ್ತದೆ. ಬೈಲಹೊಂಗಲದಲ್ಲಿ, ಹಳೆಯ ಹತ್ತಿ ಗಿರಣಿಯ ಶೆಡ್ಡಿಗೆ ಏರ್‌ರೈಫಲ್ ಕಲಿಯಲು ಬರುವ ಎಲ್ಲರೂ ಇದನ್ನು ನಂಬಿದ್ದರು. ಈಚೆಗೆ ಅವಳ ಗುಂಡು ಒಂದು ಮೇಲೆ, ಒಂದು ಕೆಳಗೆ. ಕಲಿಸುವ ನಿವೃತ್ತ ಸುಬೇದಾರರು ಬೆಳಗಾವಿ ಸ್ಪರ್ಧೆಯ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆಯನ್ನೂ ಎಳೆದಿದ್ದರು. ಇಂಥ ತೀರ್ಪು ನಮ್ಮ ಶೆಡ್ಡಿನಲ್ಲಿ ವಾರಕ್ಕೊಂದು ಬರುತ್ತದೆ. ಪುರಾವೆ ಕೇಳುವವನು ನಾನೊಬ್ಬ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನ ಚಟ.

"ಶನಿವಾರತನಕ ತಡೀರಿ. ಮೊದಲ, ಅಕಿ ಬಂದೂಕಿನ ಗುಂಡಿನ ವೇಗ ಅಳೆಯೂಣು. ವೇಗ ಹೆಚ್ಚುಕಮ್ಮಿ ಆದ್ರೂ ಗುಂಡ ಮ್ಯಾಲ ಕೆಳಗ ಹೋಗತೈತಿ," ಎಂದೆ.

ಪಿನ್ನು

ಕಿತ್ತೂರಿನ ಗೆಳೆಯನ ಬಳಿ ಹಳೆಯ ಕ್ರೊನೊಗ್ರಾಫ್ ಇತ್ತು. ಎರಡು ಕಣ್ಣಿನ ಮಷಿನ್; ಗುಂಡು ಎರಡನ್ನೂ ದಾಟಿದರೆ ಅದರ ವೇಗ ತೋರಿಸುತ್ತದೆ. ತೋರಿಸುವ ಪರದೆಯೇ ಒಡೆದಿತ್ತು. ಅಂಕಿಯನ್ನು ಫೋನಿಗೆ ತರುವ ವಾಯರು ಎಲ್ಲೂ ಸಿಗಲಿಲ್ಲ. ನಾನೇ ಮಾಡುವುದೆಂದು ಪಿನ್ನಿಗಾಗಿ ಸವದತ್ತಿಯ ಮೊಬೈಲ್ ಅಂಗಡಿಗೆ ಹೋದೆ.

"ಏನಕ್ಕ ಏನ ಜೋಡಸ್ತೀರಿ ಸರ?"

"ಬಂದೂಕಿನ ಮಷಿನ್‌ಗೆ ಫೋನು."

ಅಂಗಡಿಯವ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಾರಿಗೆ ಹೊಡ್ಯಾಕ್ರಿ, ಫೋನ್ ಎತ್ತದವರಿಗೆ?"

ಮೂರು ಎಳೆ

ಕೆಟ್ಟ ಇಯರ್‌ಫೋನಿನ ಅರ್ಧ, ಚಾರ್ಜರಿನ ಅರ್ಧ, ನಡುವೆ ಉಗುರಿನಷ್ಟು ಬೋರ್ಡು. ಬೆಸುಗೆ ಹಾಕಿ ಶೆಡ್ಡಿಗೆ ಒಯ್ದೆ. ಸುಬೇದಾರರು ಮಷಿನ್ ಮೇಲಿಂದ ಒಂದು ಗುಂಡು ಹೊಡೆದರು. ಫೋನು ಸುಮ್ಮನಿತ್ತು.

"ಮನ್ಯಾಗ ಮಾಡಿದ್ದು ಅಂದ್ರ ರೊಟ್ಟಿ ಚಲೋ ಮಾಸ್ತರ," ಎಂದರು ಸುಬೇದಾರರು. "ವಾಯರ್ ಅಲ್ಲ."

ವಾಯರನ್ನು ಬಿಚ್ಚಿ ನೋಡಿದೆ. ಒಂದು ಎಳೆ ಮಾತಾಡುವುದು, ಒಂದು ಕೇಳುವುದು, ಮೂರನೆಯದು ಎರಡಕ್ಕೂ ಆಸರೆ. ನಾನು ಮಷಿನ್‌ನ ಮಾತಿನ ಎಳೆಯನ್ನು ಫೋನಿನ ಮಾತಿನ ಎಳೆಗೇ ಬೆಸೆದಿದ್ದೆ. ಎರಡೂ ಮಾತಾಡುತ್ತಿದ್ದವು, ಕೇಳುವವರಿರಲಿಲ್ಲ. ಹದಿನೆಂಟು ವರ್ಷ ನಮ್ಮ ಸ್ಟಾಫ್ ರೂಮಿನಲ್ಲಿ ಕೂತವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಶನಿವಾರ

ಎಳೆ ಅದಲುಬದಲು ಮಾಡಿದೆ. ಹುಡುಗಿ ತನ್ನ ಬಂದೂಕಿನಿಂದ ಹೊಡೆದಳು. ಫೋನಿನಲ್ಲಿ ಅಂಕಿ ಬಂತು, ಸೆಕೆಂಡಿಗೆ ಇಷ್ಟು ಮೀಟರ್ ಎಂದು: ೧೫೮. ಮತ್ತೆ ಹೊಡೆದಳು: ೨೧೯. ಮತ್ತೆ: ೧೪೭.

"ವಾಯರ್‌ಗೂ ಕೈ ನಡಗತೈತಿ," ಎಂದರು ಸುಬೇದಾರರು. ಶೆಡ್ಡು ನಕ್ಕಿತು. ಹುಡುಗಿ ನಗಲಿಲ್ಲ.

"ಈಗ ನಿಮ್ಮ ಬಂದೂಕ ತರ್ರಿ," ಎಂದೆ.

ಅವರದು: ೧೭೧, ೧೭೨, ೧೭೧. ಅದೇ ವಾಯರು. ಯಾರೂ ನಗಲಿಲ್ಲ. ಹೇಳಿಕೊಳ್ಳಬಾರದು, ಆದರೆ ಪಿಎಚ್‌ಡಿ ಸಿಕ್ಕ ದಿನವೂ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ.

"ಇನ್ನ ಅಕಿ ಬಂದೂಕ ನೀವು ಹೊಡೀರಿ."

ಮೂವತ್ತು ವರ್ಷ ಫೌಜಿನಲ್ಲಿ ಬಂದೂಕು ಹಿಡಿದ ಕೈ. ಗುಂಡು ಒಂದು ಮೇಲೆ, ಒಂದು ಕೆಳಗೆ, ಮೂರನೆಯದು ಪಕ್ಕದವನ ಗುರಿಹಲಗೆಗೆ.

"ಕಾಕಾ," ಎಂದಳು ಹುಡುಗಿ, ಮೆಲ್ಲಗೆ, "ನಿಮ್ಮ ಕೈ ನಡಗಾಕ ಹತ್ತೇತ್ರಿ."

ಸುಬೇದಾರರು ಪಟ್ಟಿ ತೆಗೆದು, ಗೆರೆ ಎಳೆದ ಹೆಸರನ್ನು ಕೆಳಗೆ ದೊಡ್ಡ ಅಕ್ಷರದಲ್ಲಿ ಮತ್ತೆ ಬರೆದರು.

ಬಂದೂಕಿಗೆ ಏನಾಗಿದೆ ಎಂಬುದು ಮಾತ್ರ ಉಳಿಯಿತು.

"ಸರ, ಇದನ್ನ ಹೊಡದಾಗೊಮ್ಮೆ ನನಗ ಹಸಿವಾಗತೈತ್ರಿ," ಎಂದಳು ಹುಡುಗಿ. "ಭಜಿ ವಾಸನಿ ಬರತೈತಿ."

"ಬಾಜೂಕ ಭಜಿ ಅಂಗಡಿ ಐತಲ್ಲವಾ," ಎಂದರು ಸುಬೇದಾರರು.

ನಾನು ಹೊರಗೆ ಹೋಗಿ ನೋಡಿ ಬಂದೆ. ಅಂಗಡಿಗೆ ಬೀಗ. ಅವಳ ಬಂದೂಕಿನ ನಳಿಗೆಯನ್ನು ಮೂಸಿದೆ. ಸಣ್ಣಗೆ ಹೊಗೆ, ಕಾದ ಎಣ್ಣೆಯ ವಾಸನೆ. ಒಳಗೆ ಎಣ್ಣೆ ಇದ್ದರೆ, ಒತ್ತಿದ ಗಾಳಿಯ ಕಾವಿಗೆ ಅದು ಒಮ್ಮೆ ಹೊತ್ತಿಕೊಳ್ಳುತ್ತದೆ, ಒಮ್ಮೆ ಇಲ್ಲ. ಗುಂಡಿನ ವೇಗ ಆ ಬೆಂಕಿಯ ಮರ್ಜಿ.

"ಇದರಾಗ ಏನ ಹಾಕೀರಿ, ಸುಬೇದಾರ್ ಸಾಹೇಬ್ರ?"

ಅವರು ಗುರಿಹಲಗೆ ನೋಡುತ್ತ ನಿಂತರು. "ಕುಸುಬಿ ಎಣ್ಣಿರಿ. ಅಮಾಸಿಗೊಮ್ಮೆ ಪೂಜಾ ಮಾಡಿ, ಎರಡ ಚಮಚಾ. ಚಕ್ಕಡಿ ಅಚ್ಚಿಗೆ ಹಾಕೂದಿಲ್ಲೇನ್ರಿ, ಹಂಗ."

"ಎಲ್ಲಾ ಬಂದೂಕಿಗೂ?"

"ಇಲ್ರಿ. ಎಲ್ಲಾರಕಿಂತ ಚಲೋ ಹೊಡ್ಯಾಕಿ ಅಂತ, ಅಕಿದಕ್ಕಷ್ಟ."