ಜಾಗ ಹಿಡಿದವಳು

ಸೂಟಿ ಮುಗಿದ ಮೇಲೆ ಸಣ್ಣ ಮಕ್ಕಳನ್ನು ಮತ್ತೆ ಶಾಲೆಗೆ ಒಗ್ಗಿಸುವುದು ಹೇಗೆಂದು ಈವರೆಗೆ ನನ್ನನ್ನು ಯಾರೂ ಕೇಳಿಲ್ಲ. ಕೇಳಲಿ ಎಂದು ಕಾದು ಕೂರುವ ಸ್ವಭಾವ ನನ್ನದಲ್ಲ. ಎತ್ತು ಕೊಳ್ಳುವವನಿಗೆ ಹಲ್ಲು ನೋಡಲು, ಹೆಣ್ಣು ಕೊಡುವವನಿಗೆ ಬೀಗರ ಮನೆಯ ಬಾವಿ ನೋಡಲು ಕೇಳದೆಯೇ ಹೇಳಿಕೊಟ್ಟವನು ನಾನು. ಕಲ್ಲೂರಿನಿಂದ ಹೆಗಲ ಮೇಲೊಂದು ವಲ್ಲಿ ಹಾಕಿಕೊಂಡು ಬಂದವನು, ರಾಯಚೂರಿನಲ್ಲಿ ಮನೆ ಮಾಡಿ, ಮಾನ್ವಿ ದೇವದುರ್ಗಗಳ ದನದ ಸಂತೆಯಲ್ಲಿ ದಲಾಲಿ ಎನಿಸಿಕೊಂಡೆ. ಎತ್ತಿನ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಕೊಳ್ಳುವವನ ಕೈ, ಕೊಡುವವನ ಕೈ ಎರಡೂ ವಲ್ಲಿಯ ಕೆಳಗೆ ಹೋಗುತ್ತವೆ. ಎಷ್ಟು ಬೆರಳು ಹಿಡಿದರೋ ಅಷ್ಟು ಬೆಲೆ. ಮುಖ ಎತ್ತಲೋ ನೋಡುತ್ತಿರುತ್ತದೆ. ಕೊನೆಗೆ ಅಂಗೈ ಒತ್ತಿದರೆ ಮುಗಿಯಿತು, ಆ ಮಾತನ್ನು ಮುರಿದವನಿಗೆ ಮರುಸಂತೆಯಲ್ಲಿ ಯಾರೂ ಕೈ ಕೊಡುವುದಿಲ್ಲ.

ನಾನು ಅಕ್ಷರ ಕಲಿತದ್ದು ಇಪ್ಪತ್ತು ದಾಟಿದ ಮೇಲೆ. ನಾಲ್ಕು ವರ್ಷದ ಮಗಳು ಪದ್ದಿಗೆ ಹಾಗಾಗಬಾರದೆಂದು ಕೋಟೆಯ ಹತ್ತಿರ ಅಕ್ಕಾವ್ರು ತಮ್ಮ ಮನೆಯ ಪಡಸಾಲೆಯಲ್ಲೇ ನಡೆಸುತ್ತಿದ್ದ ಶಾಲೆಗೆ ಹಾಕಿದ್ದೆ. ನಿಜಾಮರ ಸರಕಾರದ ಆ ಕಾಲದಲ್ಲಿ ಅಷ್ಟು ಸಣ್ಣವರಿಗೆ ಕನ್ನಡ ತಿದ್ದಿಸುವ ಬೇರೆ ಜಾಗ ನನಗೆ ಗೊತ್ತಿರಲಿಲ್ಲ. ಅಲ್ಲಿದ್ದದ್ದು ಹನ್ನೆರಡೇ ಮಣೆ, ಪ್ರತಿ ಮಣೆಯ ಮುಂದೆ ಬರೆಯಲು ಒಂದಿಷ್ಟು ಮರಳು.

ಬೇಸಿಗೆ ಸೂಟಿಯನ್ನು ದೇವದುರ್ಗದ ಅಜ್ಜಿಯ ಮನೆಯಲ್ಲಿ ಕಳೆದು ಬಂದ ಪದ್ದಿ, ಶಾಲೆ ತೆರೆದ ದಿನ ಪಡಸಾಲೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ನಾ ಒಲ್ಲೆ. ನನ್ನ ಮಣಿ ಮ್ಯಾಲ ಆಕಿ ಕುಂತಾಳ."

ಮಣೆ ಖಾಲಿ ಇತ್ತು. "ಯಾರವ್ವಾ ಆಕಿ?" ಎಂದೆ.

"ನಾ ಊರಿಗೆ ಹೋಗಾಗ ಇಟ್ಟು ಹೋಗಿದ್ನೆಲ್ಲಾ, ಆಕಿ. ಬರೋತನಾ ಜಾಗಾ ಹಿಡ್ಕೊಂಡಿರು ಅಂದಿದ್ದೆ. ಈಗ ಏಳವಲ್ಲಳು."

ತಪ್ಪು ನನ್ನದೇ. ಸಂತೆಯಲ್ಲಿ ಬೇವಿನ ನೆರಳಿನ ಜಾಗಕ್ಕೆ ಯಾರನ್ನಾದರೂ ಕೂರಿಸದೆ ನೀರು ಕುಡಿಯಲೂ ಹೋಗಬಾರದು ಎಂದು ಅವಳಿಗೆ ಕಲಿಸಿದವನು ನಾನೇ. ಮಗು ಸಿಕ್ಕವರನ್ನು ಕೂರಿಸಿತ್ತು. ಅಲ್ಲಿ ಸಿಕ್ಕವರು ಯಾರು ಎಂಬುದಷ್ಟೇ ಪ್ರಶ್ನೆ.

ಅಕ್ಕಾವ್ರು ನನ್ನನ್ನು ಪಕ್ಕಕ್ಕೆ ಕರೆದು, "ಎರಡು ತಿಂಗಳು ಕೀಲಿ ಹಾಕಿದ್ದೆರಿ. ಬೆಳಿಗ್ಗೆ ತೆಗೆದರ ಎಲ್ಲಾ ಮಣಿ ಮ್ಯಾಲೂ ಬಟ್ಟಿನಷ್ಟು ಧೂಳು. ಆ ಒಂದರ ಮ್ಯಾಲ ಇಲ್ಲರಿ," ಎಂದು ಮೆಲ್ಲಗೆ ಹೇಳಿದರು. ಆಮೇಲೆ ದನಿ ಗಟ್ಟಿ ಮಾಡಿ, "ನಾಕನೇ ದಿನಕ್ಕ ಹುಡುಗಿ ಕೂಡಲಿಲ್ಲಂದ್ರ ಗುಂಜಹಳ್ಳಿಯವರು ತಮ್ಮ ಕೂಸಿಗೆ ಜಾಗಾ ಕೇಳ್ಯಾರ, ಕೊಟ್ಟುಬಿಡ್ತೀನಿ ನೋಡ್ರಿ," ಎಂದರು.

ಬೇರೆ ತಂದೆಯಾಗಿದ್ದರೆ ಮಗಳಿಗೆ ಎರಡು ಬಿಗಿಯುತ್ತಿದ್ದ. ನನ್ನ ಬುದ್ಧಿವಾದ ಕೇಳಿ: ಮಕ್ಕಳ ಭಯವನ್ನು ಬೈಯಬಾರದು, ಅದರ ಜೊತೆ ವ್ಯಾಪಾರಕ್ಕೆ ಕೂರಬೇಕು. ಮಣೆಯ ಮುಂದೆ ಚಕ್ಕಳಮಕ್ಕಳ ಹಾಕಿ, ವಲ್ಲಿ ಹರಡಿ, "ಬಾ ಪದ್ದಿ, ಆಕಿ ಪರವಾಗಿ ನೀ ಕೈ ಕೊಡು. ಎಷ್ಟಕ್ಕ ಏಳ್ತಾಳ ಕೇಳೋಣು," ಎಂದು ಕೈಯನ್ನು ಕೆಳಗೆ ಹಾಕಿದೆ. ಸಂತೆಯ ರೂಢಿಯಂತೆ ಮುಖವನ್ನು ಗೋಡೆಯ ಕಡೆ ತಿರುಗಿಸಿದೆ.

ಸಣ್ಣ ಕೈಯೊಂದು ಬಂತು. ರಾಯಚೂರಿನ ಆ ಬಿಸಿಲಿನಲ್ಲೂ ಹೊಸ ಗಡಿಗೆಯ ನೀರಿನಷ್ಟು ತಣ್ಣಗಿತ್ತು. ನನ್ನ ಮೂರು ಬೆರಳು ಹಿಡಿಯಿತು. ಒಂದು ಎಂದೆ. ಮೂರು ಎಂದಿತು. ಎರಡು ಎಂದೆ. ಮೂರನ್ನೇ ಹಿಂಡಿತು. ಪಕ್ಕಾ ಗಿರಾಕಿ! ಮಗಳು ಇಷ್ಟು ಗಟ್ಟಿಯಾದಳಲ್ಲ ಎಂದು ಒಳಗೊಳಗೇ ಹಿಗ್ಗಿ ಅಂಗೈ ಒತ್ತಿಬಿಟ್ಟೆ.

ಆಗ ಬೆನ್ನ ಹಿಂದಿನಿಂದ, ಎರಡೂ ಕೈಯಲ್ಲಿ ನನ್ನ ಕೊರಳು ತಬ್ಬಿಕೊಂಡು ಪದ್ದಿ ಕಿವಿಯಲ್ಲಿ ಕೇಳಿದಳು:

"ಏನಂದ್ಲಪ್ಪಾ?"

ನಾನು ವಲ್ಲಿ ಎತ್ತಿ ನೋಡಲಿಲ್ಲ. ಹೆದರಿ ಅಲ್ಲ; ವ್ಯಾಪಾರ ಮುಗಿದ ಮೇಲೆ ಎತ್ತಿ ನೋಡುವುದು ಮರ್ಯಾದೆಯಲ್ಲ. ನನ್ನನ್ನು ಬೆವರಿಸಿದ್ದು ಬೇರೆ. ಇಪ್ಪತ್ತು ವರ್ಷ ದಲಾಲಿ ಮಾಡಿದವನು, ಮೂರಕ್ಕೆ ಒಪ್ಪಿದ್ದೆ. ಏನು ಮೂರು ಎಂದು ಕೇಳಿರಲಿಲ್ಲ. ಎತ್ತಿನ ವ್ಯಾಪಾರದಲ್ಲಿ ಅದನ್ನು ಕೇಳುವ ಪದ್ಧತಿಯೇ ಇಲ್ಲ, ಇಬ್ಬರಿಗೂ ಗೊತ್ತಿರುತ್ತದೆ.

"ಮೂರಂತ," ಎಂದೆ.

"ಹಂಗಾರ ಮೂರು ದಿನ ನೀ ಆಕಿ ಬಾಜೂಕ ಕೂಡು," ಎಂದು ಪದ್ದಿ ತೀರ್ಪು ಕೊಟ್ಟಳು.

ಕೂತೆ. ತಲೆಗೆ ಪಟಕಾ ಸುತ್ತಿದ ದಲಾಲಿ ಹನ್ನೊಂದು ಕೂಸುಗಳ ಸಾಲಿನಲ್ಲಿ, ಅರ್ಧ ಮಣೆಯ ಮೇಲೆ. ಅರ್ಧ ಏಕೆಂದರೆ, ಸ್ವಲ್ಪ ಸರಿದು ಆರಾಮವಾಗಿ ಕೂರಹೋದಾಗ ಪಕ್ಕದ ಹುಡುಗಿ, "ಯಪ್ಪಾ, ಆಕಿನ್ನ ಒತ್ತಬ್ಯಾಡ್ರಿ," ಎಂದಳು. ಉಳಿದವರೆಲ್ಲ ಹೌದೆಂದು ತಲೆಯಾಡಿಸಿದರು. ಪದ್ದಿ ನನ್ನ ತೊಡೆಯ ಮೇಲೆ ಕೂತು ಮರಳಿನಲ್ಲಿ ತಿದ್ದಿದಳು. ಮರಳಿನ ಆ ಖಾಲಿ ಬದಿಯಲ್ಲಿ ನಾವು ತಿದ್ದದ ಗೆರೆಗಳೂ ಇರುತ್ತಿದ್ದವು. ಗಾಳಿ ಎಂದುಕೊಂಡೆ. ಗಾಳಿಗೆ ಅಕ್ಷರ ನನಗಿಂತ ದುಂಡಗೆ ಬರುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತೆವು. ಇವತ್ತು ಕೂರದಿದ್ದರೆ ಮಣೆ ಗುಂಜಹಳ್ಳಿಯ ಪಾಲು. ಪದ್ದಿ ನನ್ನ ಬೆರಳು ಬಿಟ್ಟಳು, ಒಳಗೆ ಓಡಿದಳು, ಇಡೀ ಮಣೆ ತುಂಬ ಕಾಲು ಚಾಚಿ ಕೂತಳು. ಅಕ್ಕಾವ್ರು ನನ್ನತ್ತ ನೋಡಿ ಉಸಿರು ಬಿಟ್ಟರು. ಗೆದ್ದೆ! ಈಗ ಇದನ್ನು ಊರಿಗೆಲ್ಲ ಹೇಳಿಕೊಡಬೇಕು ಎಂದುಕೊಳ್ಳುತ್ತ, ಸುಮ್ಮನೆ ಕೇಳಿದೆ:

"ಆಕಿ ಎದ್ಲೇನವ್ವಾ?"

"ಎದ್ಲು."

"ಎಲ್ಲಿಗೆ ಹೋದ್ಲು?"

"ಎಲ್ಲಿಗೂ ಇಲ್ಲ. ನಿನ್ನ ಬಾಜೂಕ ನಿಂತಾಳ. ಮೂರು ದಿನ ಆಕಿ ಬಾಜೂಕ ನೀ ಕುಂತಿ, ಇನ್ನ ಮೂರು ವರ್ಷ ನಿನ್ನ ಬಾಜೂಕ ಆಕಿ ಇರ್ತಾಳಂತ. ನೀನ ಒಪ್ಪಿದಿಯಂತಲ್ಲಾ."

ಮಾನ್ವಿ ಸಂತೆಗೆ ಹೊರಟವನು ಅಲ್ಲೇ ನಿಂತೆ. ನನ್ನ ಮುಖ ಹೇಗಿತ್ತೋ ಏನೋ, ಪದ್ದಿ ಎದ್ದು ಬಂದು ನನ್ನ ಧೋತ್ರದ ಅಂಚು ಸರಿ ಮಾಡಿ, ದೊಡ್ಡವಳ ಹಾಗೆ ಹೇಳಿದಳು:

"ಅಳಬ್ಯಾಡಪ್ಪಾ. ಮೊದಲನೇ ದಿನ ಹಂಗ ಅನಸ್ತದ. ಆಮ್ಯಾಲ ರೂಢಿ ಆಗ್ತದ."