ಗೋಡೆಯಾಚೆಯ ಬ್ಲೋವರ್

ನನ್ನಷ್ಟು ಸಭ್ಯವಾಗಿ ದೂರು ಕೊಡಬಲ್ಲವರು ದುಬೈನಲ್ಲಿ ಇನ್ನೊಬ್ಬರಿಲ್ಲ ಎಂದು ಕಳೆದ ಏಪ್ರಿಲ್‌ವರೆಗೂ ನಾನು ನಂಬಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದೇ ಅದನ್ನು. ದನಿ ಏರಿಸಬಾರದು, ಎದುರಿನವರಿಗೆ ಮುಜುಗರ ಮಾಡಬಾರದು, ಮಾತು ಕೇಳಿಸದಿದ್ದರೆ ಮತ್ತೆ ಮತ್ತೆ ‘ಏನು’ ಎನ್ನದೆ ಮುಗುಳ್ನಕ್ಕು ತಲೆಯಾಡಿಸಬೇಕು. ಇವನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದೆ. ಪಾಲಿಸಿದ್ದರಿಂದಲೇ ಈ ಗತಿ.

ಡಿಸ್ಕವರಿ ಗಾರ್ಡನ್ಸ್‌ನ ಫ್ಲ್ಯಾಟಿನಲ್ಲಿದ್ದಾಗ ಹೆಸರಿನಲ್ಲಿ ಮಾತ್ರ ಗಾರ್ಡನ್ ಇತ್ತು. ಈ ವಿಲ್ಲಾಕ್ಕೆ ಬಂದ ಮೇಲೆ ಎರಡು ಚಾಪೆ ಹಾಸುವಷ್ಟು ಹಿತ್ತಲು ಸಿಕ್ಕಿತು. ಅದಕ್ಕಿಂತ ದೊಡ್ಡ ಲಾಭವೆಂದರೆ ಪಕ್ಕದ ಮನೆಯ ಉಡುಪಿಯ ವಸಂತಿ ಅಕ್ಕ. ಸಂಜೆ ನಾಲ್ಕಕ್ಕೆ ನಡುವಿನ ಗೋಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಕಾಣಿಸಿಕೊಳ್ಳುತ್ತಿತ್ತು. ಒಮ್ಮೆ ಗೋಳಿಬಜೆ, ಒಮ್ಮೆ ಪತ್ರೊಡೆ. ಬಂದ ಡಬ್ಬಿಯನ್ನು ಖಾಲಿ ಕಳಿಸುವ ಪದ್ಧತಿ ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ನಾನು ಬಿಸಿಬೇಳೆಬಾತ್ ತುಂಬಿಸಿ ಕಳಿಸುತ್ತಿದ್ದೆ. ಏನೂ ಇಲ್ಲದ ದಿನ ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತಿದ್ದೆ. ಗಂಡ ಆಫೀಸಿನಿಂದ ಬರುವುದು ರಾತ್ರಿ, ಮಗಳು ಅನನ್ಯಾ ಮಾತಾಡುವುದು ಇಂಗ್ಲಿಷಿನಲ್ಲಿ. ಇಡೀ ದಿನದಲ್ಲಿ ನನ್ನ ಬಾಯಿಂದ ಬರುತ್ತಿದ್ದ ಕನ್ನಡವೆಲ್ಲ ಆ ಗೋಡೆಯ ಮೇಲೇ ಖರ್ಚಾಗುತ್ತಿತ್ತು.

ಹೀಗಿರುವಾಗ ವಸಂತಿ ಅಕ್ಕನ ಗಂಡ ಸದಾನಂದಣ್ಣ ರಾಸ್ ಅಲ್ ಖೋರ್‌ನ ಯಾವುದೋ ವರ್ಕ್‌ಶಾಪಿನಿಂದ ಪೆಟ್ರೋಲ್ ಹಾಕಿ ಓಡಿಸುವ ಹಳೆಯ ಬ್ಲೋವರ್ ಒಂದನ್ನು ತಂದರು. ಅವರ ಹಿತ್ತಲಿನ ಬೇವಿನ ಮರದಿಂದ ಉದುರಿದ ಎಲೆಗಳನ್ನು ಊದಿ ಓಡಿಸುವ ಯಂತ್ರ. ಪೊರಕೆಗೆ ಐದು ನಿಮಿಷದ ಕೆಲಸ. ಸದಾನಂದಣ್ಣನಿಗೆ ಅದು ಶನಿವಾರದ ಬೆಳಗ್ಗೆ ಪೂರ್ತಿ ನಡೆಯುವ ದಂಡಯಾತ್ರೆ. ಎಲೆಗಳು ಸೋತು ಓಡಿ ಬಂದು ಆಶ್ರಯ ಪಡೆಯುತ್ತಿದ್ದದ್ದು ನಮ್ಮ ಹಿತ್ತಲಿನಲ್ಲಿ. ಹಿಂದೆಯೇ ಮರಳು.

“ಎಂತ ಮಾಡುದು ಸುಮಾ,” ಎಂದರು ವಸಂತಿ ಅಕ್ಕ. “ಆಫೀಸಿನಲ್ಲಿ ಇವರ ಮಾತು ಯಾರೂ ಕೇಳುದಿಲ್ಲ. ಎಲೆಗಳಾದ್ರೂ ಹೇಳಿದ ಹಾಗೆ ಓಡ್ತಾವಲ್ಲ, ಅಷ್ಟೇ ಖುಷಿ ಅವರಿಗೆ.”

ನಾನು ಮುಗುಳ್ನಕ್ಕೆ. ಒಳಗೆ ಬಂದು ಗಂಡನ ಮೇಲೆ ಬಿದ್ದೆ.

“ರೀ, ನೀವಾದರೂ ಅವರಿಗೆ ಒಂದು ಮಾತು ಹೇಳಬಾರದಾ?”

“ನಾನಾ? ಮೊನ್ನೆ ತಾನೇ ಅವರ ಕಾರಲ್ಲಿ ಏರ್‌ಪೋರ್ಟಿಗೆ ಹೋಗಿದೀನಿ. ನಿನ್ನ ಫ್ರೆಂಡ್ ತಾನೇ, ನೀನೇ ಹೇಳು.”

“ಅವರು ಕೊಟ್ಟ ಗೋಳಿಬಜೆ ಇನ್ನೂ ಬಾಯಲ್ಲಿದೆ. ಹೇಗ್ರೀ ಹೇಳೋದು?”

“ಹಾಗಾದ್ರೆ ನುಂಗಿಬಿಟ್ಟು ಹೇಳು.”

ಏಪ್ರಿಲ್‌ನ ಒಂದು ಶನಿವಾರ ನಸುಕಿನಲ್ಲೇ ಎದ್ದು ಅಕ್ಕಿ ಸಂಡಿಗೆಯ ಹಿಟ್ಟು ಕಾಯಿಸಿದೆ. ಇಲ್ಲಿನ ಬಿಸಿಲಿನಿಂದ ಮನುಷ್ಯರಿಗಿರುವ ಉಪಕಾರ ಇದೊಂದೇ. ಒತ್ತಲು ವಸಂತಿ ಅಕ್ಕನ ಹಿತ್ತಾಳೆಯ ಚಕ್ಕುಲಿ ಒರಳನ್ನು ಹಿಂದಿನ ದಿನವೇ ಕೇಳಿ ತಂದಿದ್ದೆ. ಹಿತ್ತಲಿನಲ್ಲಿ ಬಿಳಿ ಬಟ್ಟೆ ಹಾಸಿ, ಸಾಲಾಗಿ ಒತ್ತಿ ಮುಗಿಸಿ, ಗಾಳಿಗೆ ಬಟ್ಟೆ ಹಾರದಿರಲಿ ಎಂದು ಅದೇ ಒರಳನ್ನು ತುದಿಗಿಟ್ಟೆ. ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಗೋಡೆಯಾಚೆ ಬ್ಲೋವರ್ ಗುಡುಗಿತು. ನೋಡನೋಡುತ್ತಿದ್ದಂತೆ ಒದ್ದೆ ಸಂಡಿಗೆಯ ಮೇಲೆಲ್ಲ ಎಳ್ಳು ಉದುರಿಸಿದಂತೆ ಮರಳು, ಅಲಂಕಾರಕ್ಕೆ ಅಲ್ಲಲ್ಲಿ ಬೇವಿನೆಲೆ.

ಆ ಹೊತ್ತಿಗೂ ನಾನು ಕಿರುಚಲಿಲ್ಲ. ಫೋನ್ ತೆಗೆದು, ನಮ್ಮ ಬಡಾವಣೆಯ ಆಫೀಸಿನ ಆ್ಯಪ್ ತೆರೆದು, ‘ಹೆಸರು ಗೋಪ್ಯವಾಗಿರಲಿ’ ಎಂಬುದನ್ನು ಒತ್ತಿ, ಸಿಸ್ಟರ್‌ಗಳು ಮೆಚ್ಚುವಂಥ ಇಂಗ್ಲಿಷಿನಲ್ಲಿ ವಿನಮ್ರವಾಗಿ ದೂರು ಬರೆದೆ. ಸಾಕ್ಷಿಗೆಂದು ಸಂಡಿಗೆಯ ಫೋಟೋ ಲಗತ್ತಿಸಿದೆ. ಯಾರಿಗೂ ನೋವಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಎಂಥ ನಾಜೂಕು!

ಮರುದಿನ ಆಫೀಸಿನವರು ಆ ಫೋಟೋವನ್ನು ಬಡಾವಣೆಯ ವಾಟ್ಸ್ಯಾಪ್ ಗುಂಪಿಗೇ ಹಾಕಿದರು. ‘ಹೆಸರು ಹೇಳಬಯಸದ ನಿವಾಸಿಯೊಬ್ಬರ ದೂರಿನ ಮೇರೆಗೆ ಇನ್ನು ಯಾರೂ ಸ್ವಂತ ಬ್ಲೋವರ್ ಬಳಸುವಂತಿಲ್ಲ.’ ಗುಂಪಿನಲ್ಲಿದ್ದ ಮಂಗಳೂರಿನವರೊಬ್ಬರು ಫೋಟೋವನ್ನು ಹಿಗ್ಗಿಸಿ ನೋಡಿದರು. ತುದಿಯಲ್ಲಿ ಕುಳಿತ ಒರಳಿನ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು: ‘ವಸಂತಿ’. ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆ. ಹೆಸರು ಕೊರೆಸದೆ ನಮ್ಮವರು ಒಂದು ಚಮಚವನ್ನೂ ಕೊಡುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ.

‘ವಸಂತಿಯವರೇ, ಸ್ವಂತ ಗಂಡನ ಮೇಲೆ ದೂರು ಕೊಟ್ಟ ನಿಮ್ಮ ಧೈರ್ಯಕ್ಕೆ ಸಲಾಂ’ ಎಂದು ಬರೆದರು ಆ ಮಹಾಶಯರು. ಕೆಳಗೆ ಸಾಲು ಸಾಲು ಚಪ್ಪಾಳೆ. ಯಾರು ಎಂದು ಗೊತ್ತಿಲ್ಲದ ಒಬ್ಬರು ಹೂಗುಚ್ಛವನ್ನೂ ಹಾಕಿದರು.

ಒರಳು ಯಾರ ಮನೆಯಲ್ಲಿದೆ ಎಂಬುದು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಗುಂಪಿನಲ್ಲಿ ಏನೂ ಬರೆಯಲಿಲ್ಲ. ಇನ್ನೊಬ್ಬಳು, ಅಂದರೆ ನಾನು, ‘ಇದು ನನ್ನ ಕೆಲಸ’ ಎಂದು ನಾಲ್ಕು ಸಲ ಟೈಪ್ ಮಾಡಿ ನಾಲ್ಕು ಸಲವೂ ಅಳಿಸಿದೆ. ಆ ಸಂಜೆ ಗೋಡೆಯ ಮೇಲೆ ಡಬ್ಬಿ ಬರಲಿಲ್ಲ.

ಸೋಮವಾರದಿಂದ ಆಫೀಸಿನವರೇ ಎಲೆ ಗುಡಿಸುವ ವ್ಯವಸ್ಥೆ ಮಾಡಿದರು. ಬೆನ್ನಿಗೆ ಯಂತ್ರ ಕಟ್ಟಿಕೊಂಡ ಮೂವರು ಬಂದರು. ಶನಿವಾರ ಮಾತ್ರವಲ್ಲ, ದಿನಾ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಅವರ ಕಿವಿಗೆ ದಪ್ಪನೆಯ ಮುಚ್ಚಳವಿತ್ತು, ನಮ್ಮ ಕಿವಿಗೆ ನಮ್ಮ ದೂರಿನ ಫಲ.

ಅದೇ ಸಂಜೆ ವಸಂತಿ ಅಕ್ಕ ನಮ್ಮ ಗೇಟಿಗೆ ಬಂದರು. ಕೈಯಲ್ಲಿ ಹಿಂದಿನ ವಾರ ನಾನು ಬಿಸಿಬೇಳೆಬಾತ್ ತುಂಬಿಸಿ ಕಳಿಸಿದ್ದ ನನ್ನದೇ ಡಬ್ಬಿ, ಮುಚ್ಚಳದ ಅಂಚಿನಲ್ಲಿ ಹಬೆಯ ಹನಿ. ನನ್ನ ಜೀವ ಮರಳಿ ಬಂತು. ಅವರು ಬಾಯಿ ತೆರೆದರು. ಬೀದಿಯಲ್ಲಿ ಮೂರೂ ಯಂತ್ರಗಳು ಒಟ್ಟಿಗೆ ಬಾಯಿ ತೆರೆದವು.

ಮನೆಬಾಗಿಲಲ್ಲಿ ನಿಂತಿದ್ದ ನನಗೆ ಒಂದಕ್ಷರ ಕೇಳಿಸಲಿಲ್ಲ. ಮುಗುಳ್ನಕ್ಕು ತಲೆಯಾಡಿಸಿದೆ. ಅವರು ಇನ್ನೇನೋ ಕೇಳಿದರು. ಕ್ಷಮಿಸಿದ್ದಾರೆಂಬ ಖುಷಿಯಲ್ಲಿ ಮತ್ತೂ ಜೋರಾಗಿ ಆಡಿಸಿದೆ. ಅವರ ಮುಖ ಸಣ್ಣದಾಯಿತು, ಬಿಸಿಲಿಗೆ ಎಂದುಕೊಂಡೆ. ಮೂರನೆಯದಕ್ಕೆ ಎದೆಯ ಮೇಲೆ ಕೈಯಿಟ್ಟು “ಖಂಡಿತ ಅಕ್ಕ, ಖಂಡಿತ” ಎಂದೆ. ಅವರು ಡಬ್ಬಿಯ ಮುಚ್ಚಳವನ್ನು ಒತ್ತಿ ಭದ್ರ ಮಾಡಿ, ತಿರುಗಿ, ಡಬ್ಬಿಯ ಸಮೇತ ಮನೆಗೆ ನಡೆದರು.

ಅವರ ಬೆನ್ನ ಹಿಂದೆಯೇ ಸೈಕಲ್ ಹಿಡಿದು ನಿಂತಿದ್ದ ಅನನ್ಯಾ ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಳು.

“ಏನೇ ಅಂದ್ರು ಆಂಟಿ?”

“ಫಸ್ಟ್, ‘ಕಂಪ್ಲೇಂಟ್ ಕೊಟ್ಟದ್ದು ನೀವೇ ಹೌದಾ’ ಅಂದ್ರು. ಯೂ ನಾಡೆಡ್. ‘ನಂಗೆ ಒಂದು ಮಾತು ಹೇಳುವಷ್ಟು ಸಲಿಗೆ ನಿಮಗೆ ಇರ್ಲಿಲ್ವಾ’ ಅಂದ್ರು. ಯೂ ನಾಡೆಡ್ ಅಗೇನ್. ಆಮೇಲೆ, ‘ಹಾಗಾದ್ರೆ ಇನ್ನು ಮಾತುಕತೆ ಬೇಡ, ಅಲ್ವಾ’ ಅಂದ್ರು. ಮಮ್ಮಿ, ವೈ ವರ್ ಯೂ ಸ್ಮೈಲಿಂಗ್?”

ಮರುದಿನ ಬೆಲ್ಲ ಹಾಕಿ ಅಕ್ಕಿ ಹಿಟ್ಟಿನ ಉಂಡೆ ಮಾಡಿ, ಒರಳಿನೊಳಗಿಟ್ಟು, ಗೋಡೆಯ ಮೇಲಿರಿಸಿ ಬಂದೆ. ಸಂಜೆ ಒರಳು ಇರಲಿಲ್ಲ. ಉಂಡೆಗಳು ಒಂದು ಕಾಗದದ ಮೇಲೆ ಹಾಗೇ ಕುಳಿತಿದ್ದವು, ಪಕ್ಕದಲ್ಲಿ ನನ್ನ ಡಬ್ಬಿ. ತೊಳೆದು, ಒರೆಸಿ, ಫಳಫಳ ಹೊಳೆಯುತ್ತಿತ್ತು. ತೆಗೆದು ನೋಡಿದೆ. ಒಂದು ಕಾಳು ಸಕ್ಕರೆಯೂ ಇರಲಿಲ್ಲ.

ಈಗ ದಿನಕ್ಕೆರಡು ಸಲ ಮೂರು ಯಂತ್ರಗಳು ನಮ್ಮ ಬೀದಿಯನ್ನು ಊದಿ ಹೋಗುತ್ತವೆ. ಗಂಡ ನನಗೆಂದು ಕಿವಿಗೆ ತುರುಕಿಕೊಳ್ಳುವ ಹತ್ತಿಯ ಬಿರಡೆಗಳನ್ನು ತಂದುಕೊಟ್ಟಿದ್ದಾರೆ. ಅವು ಕಳೆಯದಿರಲಿ ಎಂದು ಆ ಡಬ್ಬಿಯಲ್ಲೇ ಇಟ್ಟಿದ್ದೇನೆ. ಖಾಲಿ ಇಡಬಾರದಲ್ಲ.